ಚಿಕ್ಕ ಮನೆ, ಸರಿಯಾದ ಅಳತೆ: ಅಚ್ಚು ಮಾಡುವ ಮೊದಲೇ ಮಾತಾಡೋಣ



ಉಳಿತಾಯ, ಸಾಲ, ಲೆಕ್ಕಪುಸ್ತಕಗಳ ಬಗ್ಗೆ ನಾವು ಅನೇಕ ಸಲ ಕೂತು ಮಾತಾಡಿದ್ದೇವೆ. ಈ ಸಲದ ಪಾಠ ಮನೆಯ ಬಗ್ಗೆ. ಅದರಲ್ಲೂ ಪಟ್ಟಣದಲ್ಲಿ ಬಡವರ ಕೈಗೆಟಕುವ ಬೆಲೆಗೆ ಸಿಗುವ ಚಿಕ್ಕ ಫ್ಲ್ಯಾಟಿನ ಬಗ್ಗೆ. "ಅದು ಇಂಜಿನಿಯರ್ ನೋಡುವ ವಿಷಯ, ನಮಗೇಕೆ?" ಅಂತ ಕೇಳಬೇಡಿ. ಮೊದಲು ಒಂದು ಸಂಗತಿ ಕೇಳಿ.

ನಮ್ಮ ಒಂದು ಸಂಘದ ಸದಸ್ಯೆ ಹೊಲಿಗೆ ಮಾಡಿ ಸಂಸಾರ ನಡೆಸುತ್ತಿದ್ದರು. ಬಾಡಿಗೆ ಮನೆಯ ಜಗಲಿಯಲ್ಲೇ ಮೆಷಿನ್. ಬೆಳಕು ಚೆನ್ನಾಗಿತ್ತು, ದಾರಿಯಲ್ಲಿ ಹೋಗುವವರು ಬಟ್ಟೆ ಕೊಟ್ಟು ಹೋಗುತ್ತಿದ್ದರು. ಆಮೇಲೆ ಅವರಿಗೆ ಮೂರನೇ ಮಹಡಿಯಲ್ಲಿ ಸ್ವಂತದ ಒಂದು ಚಿಕ್ಕ ಫ್ಲ್ಯಾಟ್ ಸಿಕ್ಕಿತು. ಸಂಘದವರು ಸಾಲ ಕೊಟ್ಟರು. ನಾವೂ ಹಕ್ಕುಪತ್ರ, ಬಡ್ಡಿ, ಕಂತು ಎಲ್ಲವನ್ನೂ ನೋಡಿ "ಸರಿಯಾಗಿದೆ" ಅಂದೆವು. ಮನೆಯೊಳಗೆ ಹೋಗಿ ಟೇಪು ಹಿಡಿಯಲಿಲ್ಲ. ಅಲ್ಲಿ ಹೋದ ಮೇಲೆ ಗೊತ್ತಾಯಿತು, ಇದ್ದದ್ದು ಒಂದೇ ಕಿಟಕಿ, ಅದರ ಎದುರಿಗೇ ಬಾಗಿಲು ತೆರೆದುಕೊಳ್ಳುತ್ತದೆ. ಮೆಷಿನ್ ಇಟ್ಟರೆ ಬಾಗಿಲು ತೆರೆಯೋದಿಲ್ಲ. ಒಳಗಿಟ್ಟರೆ ಹಗಲಲ್ಲೂ ಲೈಟು ಬೇಕು. ಗಿರಾಕಿಗಳು ಮೂರು ಮಹಡಿ ಹತ್ತಲಿಲ್ಲ. ಆರು ತಿಂಗಳಲ್ಲಿ ಹೊಲಿಗೆ ನಿಂತಿತು. ಕಂತು ನಿಲ್ಲಲಿಲ್ಲ.

"ಮನೆ ಬಂತು ಸಿಸ್ಟರ್, ಕಸುಬು ಹೋಯ್ತು" ಅಂದರು. ಆ ಮಾತು ನಮಗೆ ಇನ್ನೂ ಚುಚ್ಚುತ್ತದೆ. ಯಾಕೆಂದರೆ ತಪ್ಪಿನಲ್ಲಿ ನಮ್ಮ ಪಾಲೂ ಇತ್ತು. ಈ ಪಾಠ ಹುಟ್ಟಿದ್ದು ಅಲ್ಲಿಂದ.

ಈ ಪಾಠದ ಉದ್ದೇಶ

1. ಚಿಕ್ಕ ಮನೆಯ ಅಳತೆಯನ್ನು ನಾವೇ ಓದಲು ಕಲಿಯುವುದು.
2. "ಮಾಡ್ಯುಲರ್" ಮನೆ ಎಂದರೇನು, ಅದರ ಲಾಭ ಮತ್ತು ಮಿತಿ ಏನು ಎಂದು ತಿಳಿಯುವುದು.
3. ಸಹಿ ಹಾಕುವ ಮೊದಲು ಏನೇನು ಕೇಳಬೇಕು ಎಂದು ಪಟ್ಟಿ ಮಾಡಿಕೊಳ್ಳುವುದು.

ಚಿಕ್ಕ ಮನೆ ಎಂದರೆ ಎಷ್ಟು ಚಿಕ್ಕದು?

ಕೇಂದ್ರ ಸರಕಾರ 2015ರಲ್ಲಿ ನಗರಗಳಿಗಾಗಿ ಪ್ರಧಾನ ಮಂತ್ರಿ ಆವಾಸ್ ಯೋಜನೆ ಆರಂಭಿಸಿದಾಗ, ಆರ್ಥಿಕವಾಗಿ ದುರ್ಬಲ ವರ್ಗದವರ ಮನೆಗೆ 30 ಚದರ ಮೀಟರ್‌ವರೆಗಿನ ಕಾರ್ಪೆಟ್ ವಿಸ್ತೀರ್ಣವನ್ನು ಗೊತ್ತುಮಾಡಿತು. ನಮ್ಮ ಲೆಕ್ಕದಲ್ಲಿ ಸುಮಾರು 320 ಚದರ ಅಡಿ. 2024ರಲ್ಲಿ ಆರಂಭವಾದ ಇದರ ಎರಡನೇ ಹಂತದಲ್ಲಿ 45 ಚದರ ಮೀಟರ್‌ವರೆಗೂ ಅವಕಾಶ ಇದೆ. ಕೋವಿಡ್ ಸಮಯದಲ್ಲಿ ವಲಸೆ ಕಾರ್ಮಿಕರು ಊರಿಗೆ ನಡೆದು ಹೋದದ್ದನ್ನು ನಾವೆಲ್ಲ ನೋಡಿದ್ದೇವೆ. ಅದಾದ ಮೇಲೆ 2020ರಲ್ಲಿ ಬಂದ ಬಾಡಿಗೆ ವಸತಿ ಯೋಜನೆಯಲ್ಲೂ ಒಂದು ಕೋಣೆಯ ಮನೆಗೆ 30 ಚದರ ಮೀಟರ್ ಮಿತಿಯೇ.

ಇಲ್ಲಿ "ಕಾರ್ಪೆಟ್ ವಿಸ್ತೀರ್ಣ" ಎಂಬ ಮಾತನ್ನು ಚೆನ್ನಾಗಿ ತಿಳಿದುಕೊಳ್ಳಿ. ಹೊರಗೋಡೆಯ ದಪ್ಪ, ಪೈಪು ಹೋಗುವ ಕಿಂಡಿ, ಬಾಲ್ಕನಿ ಬಿಟ್ಟು, ಮನೆಯೊಳಗೆ ನಾವು ನಿಜವಾಗಿ ಬಳಸುವ ನೆಲವೇ ಕಾರ್ಪೆಟ್ ವಿಸ್ತೀರ್ಣ. ಒಳಗಿನ ಅಡ್ಡಗೋಡೆಗಳು ಇದರಲ್ಲಿ ಸೇರುತ್ತವೆ. ಮೆಟ್ಟಿಲು, ಲಿಫ್ಟು, ಓಣಿಯ ಪಾಲನ್ನೂ ಸೇರಿಸಿ ಹೇಳುವ ದೊಡ್ಡ ಸಂಖ್ಯೆಗೆ "ಸೂಪರ್ ಬಿಲ್ಟ್ ಅಪ್" ಅನ್ನುತ್ತಾರೆ. ಜಾಹೀರಾತಿನಲ್ಲಿ ಆ ದೊಡ್ಡ ಸಂಖ್ಯೆ ಕಂಡರೆ ಮರುಳಾಗಬೇಡಿ. "ಕಾರ್ಪೆಟ್ ಎಷ್ಟು?" ಅಂತ ಕೇಳಿ.

ಮಾಡ್ಯುಲರ್ ಎಂದರೇನು?

ಟಿಫಿನ್ ಕ್ಯಾರಿಯರ್ ನೆನಪು ಮಾಡಿಕೊಳ್ಳಿ. ಎಲ್ಲ ಡಬ್ಬಿಗಳೂ ಒಂದೇ ಅಳತೆ. ಆದ್ದರಿಂದ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಮಾಡ್ಯುಲರ್ ಮನೆಯೂ ಹಾಗೆಯೇ. ಒಂದು ಮೂಲ ಅಳತೆ ಇಟ್ಟುಕೊಂಡು ಗೋಡೆ, ಬಾಗಿಲು, ಕಿಟಕಿ, ಬಚ್ಚಲು ಎಲ್ಲವನ್ನೂ ಆ ಅಳತೆಯ ಗುಣಕದಲ್ಲಿ ಮಾಡುತ್ತಾರೆ. ಕಟ್ಟಡದವರ ಮೂಲ ಅಳತೆ 10 ಸೆಂಟಿಮೀಟರ್. ಅಂಥ ಮೂರು ಸೇರಿದರೆ ಹೆಚ್ಚುಕಡಿಮೆ ನಮ್ಮ ಒಂದು ಅಡಿ.

ಇದರಲ್ಲಿ ಹಲವು ಬಗೆ ಇವೆ. 2021ರ ಜನವರಿ 1ರಂದು ಕೇಂದ್ರ ಸರಕಾರ ಆರು ನಗರಗಳಲ್ಲಿ "ಲೈಟ್ ಹೌಸ್" ಎಂಬ ಮಾದರಿ ವಸತಿ ಯೋಜನೆಗಳಿಗೆ ಶಂಕುಸ್ಥಾಪನೆ ಮಾಡಿತು. ಇಂದೋರ್, ರಾಜಕೋಟ್, ಚೆನ್ನೈ, ರಾಂಚಿ, ಅಗರ್ತಲ, ಲಕ್ನೋ. ಪ್ರತಿ ಊರಿಗೂ ಬೇರೆ ಬೇರೆ ತಂತ್ರ, ಒಂದೊಂದರಲ್ಲೂ ಸಾವಿರ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಮನೆಗಳು. ಚೆನ್ನೈಯಲ್ಲಿ ಗೋಡೆ, ಚಪ್ಪಡಿಗಳನ್ನು ಅಚ್ಚಿನಲ್ಲಿ ಎರಕ ಹೊಯ್ದು ತಂದು ಸ್ಥಳದಲ್ಲಿ ಜೋಡಿಸಿದರು. ಅಲ್ಲಿಯ 1,152 ಮನೆಗಳು 2022ರ ಮೇ ತಿಂಗಳಲ್ಲಿ ಉದ್ಘಾಟನೆಯಾದವು. ರಾಂಚಿಗೆ ಆಯ್ದುಕೊಂಡ ತಂತ್ರದಲ್ಲಿ ಬರೀ ಗೋಡೆಯಲ್ಲ, ಇಡೀ ಕೋಣೆಯನ್ನೇ ಪೆಟ್ಟಿಗೆಯ ಹಾಗೆ ಎರಕ ಹೊಯ್ದು, ಕ್ರೇನಿನಿಂದ ಎತ್ತಿ ಒಂದರ ಮೇಲೊಂದು ಕೂರಿಸುವುದು. ಥೇಟ್ ಟಿಫಿನ್ ಕ್ಯಾರಿಯರ್!

ಲಾಭ ಏನು? ಕೆಲಸ ಬೇಗ ಮುಗಿಯುತ್ತದೆ. ಮಳೆ ಬಂದರೂ ಎರಕದ ಕೆಲಸ ನಿಲ್ಲಬೇಕಿಲ್ಲ. ಸಿಮೆಂಟು, ಮರಳು ಪೋಲಾಗುವುದು ಕಡಿಮೆ. ಎಲ್ಲ ಮನೆಗೂ ಒಂದೇ ಗುಣಮಟ್ಟ.

ಮಿತಿಯೂ ಇದೆ. ಚಕ್ಕುಲಿ ಅಚ್ಚಿನ ತೂತು ಸರಿಯಿಲ್ಲದಿದ್ದರೆ ಒತ್ತಿದ ಚಕ್ಕುಲಿಯೆಲ್ಲ ಸೊಟ್ಟ. ಹಾಗೆಯೇ ಅಚ್ಚಿನಲ್ಲಿ ಕಿಟಕಿ ತಪ್ಪು ಜಾಗದಲ್ಲಿದ್ದರೆ ಸಾವಿರ ಮನೆಯಲ್ಲೂ ತಪ್ಪು ಜಾಗದಲ್ಲೇ. ಇಟ್ಟಿಗೆ ಮನೆಯಲ್ಲಾದರೆ ಮೇಸ್ತ್ರಿಗೆ ಹೇಳಿ ಒಡೆದು ಸರಿಪಡಿಸಬಹುದು. ಇಲ್ಲಿ ಗೋಡೆಗಳೇ ಭಾರ ಹೊರುವುದರಿಂದ ಒಡೆಯುವ ಹಾಗಿಲ್ಲ. ಆದ್ದರಿಂದ ಮಾತಾಡಬೇಕಾದದ್ದು ಅಚ್ಚು ಮಾಡುವ ಮೊದಲು. ಆ ಮನೆಯಲ್ಲಿ ದಿನವಿಡೀ ಇರುವವರು ಯಾರು? ಹೆಚ್ಚಾಗಿ ನಾವು ಹೆಂಗಸರು. ಹಾಗಾದರೆ ಮೊದಲ ಮಾತೂ ನಮ್ಮದೇ ಆಗಬೇಕಲ್ಲವೇ?

ಮೂರು ಊರುಗಳಿಂದ ಮೂರು ಪಾಠ

ಜಪಾನಿನ ಟೋಕಿಯೋದಲ್ಲಿ 1972ರಲ್ಲಿ ಕಿಶೋ ಕುರೊಕಾವಾ ಎಂಬ ವಾಸ್ತುಶಿಲ್ಪಿ ನಕಾಗಿನ್ ಎಂಬ ಗೋಪುರ ಕಟ್ಟಿದರು. ಎರಡು ಕಂಬಗಳಂಥ ಗೋಪುರಕ್ಕೆ 140 ಪೆಟ್ಟಿಗೆ ಮನೆಗಳನ್ನು ತಗುಲಿಸಿದ್ದರು. ಒಂದೊಂದೂ ಸುಮಾರು 10 ಚದರ ಮೀಟರ್, ಅಂದರೆ ನಮ್ಮ ಒಂದು ಕೋಣೆಯಷ್ಟು. ಒಳಗೆ ಮಂಚ, ಬಚ್ಚಲು, ಮಡಚುವ ಮೇಜು ಎಲ್ಲ ಇತ್ತು, ಅಡುಗೆಮನೆ ಮಾತ್ರ ಇರಲಿಲ್ಲ. ಒಂಟಿಯಾಗಿ ದುಡಿಯುವ ಗಂಡಸರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು ಅದು. 25 ವರ್ಷಕ್ಕೊಮ್ಮೆ ಹಳೆಯ ಪೆಟ್ಟಿಗೆ ತೆಗೆದು ಹೊಸದು ಹಾಕುವುದು ಎಂಬ ಯೋಚನೆ ಇತ್ತು. ಒಂದನ್ನೂ ಬದಲಾಯಿಸಲು ಆಗಲಿಲ್ಲ. ನೀರು ಸೋರಿತು, ಪೈಪುಗಳು ಹಾಳಾದವು. 2022ರಲ್ಲಿ ಗೋಪುರವನ್ನೇ ಬಿಚ್ಚಿದರು. ಪಾಠ: ರಿಪೇರಿ ಮಾಡಲು ಬಾರದ ಮನೆ ಎಷ್ಟು ಚೆಂದ ಇದ್ದರೂ ಬಾಳುವುದಿಲ್ಲ.

ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಇಕಿಕೆ ಎಂಬ ಊರಿದೆ. ಅಲ್ಲಿ ಊರ ನಡುವೆ ಅರ್ಧ ಹೆಕ್ಟೇರ್ ಜಾಗದಲ್ಲಿ ಸುಮಾರು ನೂರು ಬಡ ಕುಟುಂಬಗಳು ಗುಡಿಸಲು ಹಾಕಿಕೊಂಡಿದ್ದವು. ಒಂದು ಕುಟುಂಬಕ್ಕೆ ಸರಕಾರದ ಸಹಾಯಧನ 7,500 ಡಾಲರ್. ಜಾಗ, ರಸ್ತೆ, ಮನೆ ಎಲ್ಲ ಅದರಲ್ಲೇ ಆಗಬೇಕು. ಊರ ಹೊರಗೆ ಹೋದರೆ ಜಾಗ ಅಗ್ಗ. ಆದರೆ ಕೆಲಸ, ಶಾಲೆ, ಆಸ್ಪತ್ರೆ ಎಲ್ಲ ದೂರ. ಅಲೆಹಾಂದ್ರೊ ಅರವೇನಾ ಎಂಬ ವಾಸ್ತುಶಿಲ್ಪಿಯ ತಂಡ ಜನರೊಂದಿಗೆ ಕೂತು ಮಾತಾಡಿತು. ಕೊನೆಗೆ 2004ರ ಹೊತ್ತಿಗೆ, ಅದೇ ಜಾಗದಲ್ಲಿ ಅರ್ಧ ಮನೆ ಕಟ್ಟಿದರು. ಬಡವರಿಗೆ ಸ್ವಂತವಾಗಿ ಕಟ್ಟಿಕೊಳ್ಳಲು ಕಷ್ಟವಾದ ಭಾಗಗಳು, ಅಂದರೆ ಗಟ್ಟಿ ಚೌಕಟ್ಟು, ಮೆಟ್ಟಿಲು, ಅಡುಗೆಮನೆ, ಬಚ್ಚಲು, ಮೊದಲೇ ಆದವು. ಪಕ್ಕದಲ್ಲಿ ಅಷ್ಟೇ ಖಾಲಿ ಜಾಗ ಬಿಟ್ಟರು. ಕೈಯಲ್ಲಿ ಹಣ ಬಂದ ಹಾಗೆ ಕುಟುಂಬಗಳು ಉಳಿದ ಅರ್ಧವನ್ನು ಕಟ್ಟಿಕೊಂಡವು. ಪಾಠ: ಹಣ ಕಡಿಮೆ ಇದ್ದರೆ ಕಷ್ಟದ ಅರ್ಧವನ್ನು ಮೊದಲು ಮಾಡಿ.

ನಮ್ಮ ದೇಶದಲ್ಲೂ ಇದೇ ದಾರಿ ಅದಕ್ಕಿಂತ ಮೊದಲೇ ಇತ್ತು. ಇಂದೋರಿನ ಅರಣ್ಯ ಬಡಾವಣೆ 1980ರ ದಶಕದಲ್ಲಿ ಆದದ್ದು. ಬಾಲಕೃಷ್ಣ ದೋಶಿಯವರು ಅದನ್ನು ರೂಪಿಸಿದರು. ಸುಮಾರು 6,500 ನಿವೇಶನಗಳಲ್ಲಿ ಅತಿ ಚಿಕ್ಕದು ಸುಮಾರು 35 ಚದರ ಮೀಟರ್. ಬಡವರಿಗೆ ಕೊಟ್ಟ ನಿವೇಶನದಲ್ಲಿ ಅಡಿಪಾಯ, ಶೌಚಾಲಯ, ನೀರು, ಕರೆಂಟಿನ ವ್ಯವಸ್ಥೆ ಮೊದಲೇ ಇತ್ತು. ಕೋಣೆಗಳನ್ನು ಜನ ಅನುಕೂಲ ಆದ ಹಾಗೆ ಕಟ್ಟಿಕೊಂಡರು. ಮನೆಯ ಮುಂದೆ ಕಟ್ಟೆ, ಮೆಟ್ಟಿಲು, ಕೂತು ಮಾತಾಡುವ ಜಾಗ ಇತ್ತು. ಪಾಠ: ಮನೆ ಚಿಕ್ಕದಾದಷ್ಟೂ ಹೊರಗಿನ ಜಾಗ ಚೆನ್ನಾಗಿರಬೇಕು.

ಇದು ನಮಗೆ ಹೊಸ ವಿಷಯವೇನಲ್ಲ. ಬೆಂಗಳೂರು, ಮೈಸೂರಿನ ಹಳೆಯ ವಠಾರಗಳಲ್ಲಿ ಮನೆ ಒಂದೆರಡು ಕೋಣೆ ಮಾತ್ರ. ಆದರೆ ನಡುವೆ ಅಂಗಳ, ಬಟ್ಟೆ ಒಗೆಯುವ ಕಲ್ಲು, ಎಲ್ಲರಿಗೂ ಸೇರಿದ ನಲ್ಲಿ. ಜಗಳವೂ ಆಗುತ್ತಿತ್ತು, ಆಸರೆಯೂ ಸಿಗುತ್ತಿತ್ತು.

ಚಟುವಟಿಕೆ: ನೆಲದ ಮೇಲೆ ಮನೆ ಬರೆಯೋಣ

ನಕ್ಷೆ ನೋಡಿದರೆ ನಮಗೆ ಮನೆ ಕಣ್ಣಿಗೆ ಬರುವುದಿಲ್ಲ. ಆದ್ದರಿಂದ ಸಭೆಯ ದಿನ ಅಂಗಳದಲ್ಲಿ ಅಥವಾ ಶಾಲೆಯ ಹಾಲ್‌ನಲ್ಲಿ ರಂಗೋಲಿ ಪುಡಿಯಿಂದ ನಿಜ ಅಳತೆಯ ಮನೆಯನ್ನೇ ಬರೆಯಿರಿ. ಬೇಕಾದದ್ದು: ಒಂದು ಟೇಪು, ಹಗ್ಗ, ರಂಗೋಲಿ ಪುಡಿ, ಎರಡು ಚಾಪೆ, ಕುರ್ಚಿಗಳು, ಒಂದು ಬಕೆಟ್.

ಮೊದಲು 15 ಅಡಿ ಅಗಲ, 20 ಅಡಿ ಉದ್ದದ ಚೌಕ ಹಾಕಿ. ಇದು 300 ಚದರ ಅಡಿ. ಮುಂದಿನ 15 ಅಡಿಯಲ್ಲಿ ಓಣಿ, ಹಿಂದಿನ 15 ಅಡಿಯಲ್ಲಿ ಬಯಲು ಎಂದಿಟ್ಟುಕೊಳ್ಳಿ. ಎಡಗಡೆ 9 ಅಡಿ, ಬಲಗಡೆ 6 ಅಡಿ ಆಗುವ ಹಾಗೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ.

ಎಡಭಾಗದಲ್ಲಿ ಮುಂದೆ 9 ಅಡಿಗೆ 12 ಅಡಿ ದೊಡ್ಡ ಕೋಣೆ. ಹಿಂದೆ 9 ಅಡಿಗೆ 8 ಅಡಿ ಸಣ್ಣ ಕೋಣೆ.

ಬಲಭಾಗದಲ್ಲಿ ಮುಂದೆ 6 ಅಡಿಗೆ 9 ಅಡಿ ಅಡುಗೆಮನೆ. ನಡುವೆ 6 ಅಡಿಗೆ 5 ಅಡಿ ಬಚ್ಚಲು ಮತ್ತು ಶೌಚಾಲಯ. ಹಿಂದೆ 6 ಅಡಿಗೆ 6 ಅಡಿ ಪಾತ್ರೆ, ಬಟ್ಟೆ ತೊಳೆಯುವ ಜಾಗ.

ಈ ಅಳತೆಗಳು ಸುಮ್ಮನೆ ಹಾಕಿದ್ದಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಸಾಮಾನ್ಯ ನಿಯಮದ ಪ್ರಕಾರ ವಾಸದ ದೊಡ್ಡ ಕೋಣೆ ಕನಿಷ್ಠ 9.5 ಚದರ ಮೀಟರ್, ಅಂದರೆ ಸುಮಾರು 102 ಚದರ ಅಡಿ ಇರಬೇಕು, ಅಗಲ 8 ಅಡಿಗೆ ಕಡಿಮೆ ಇರಬಾರದು. ಅಡುಗೆಮನೆ 5 ಚದರ ಮೀಟರ್, ಅಂದರೆ ಸುಮಾರು 54 ಚದರ ಅಡಿ. ಬಚ್ಚಲು, ಶೌಚಾಲಯ ಸೇರಿ 2.8 ಚದರ ಮೀಟರ್, ಸುಮಾರು 30 ಚದರ ಅಡಿ. ಕೋಣೆಯ ಎತ್ತರ 2.75 ಮೀಟರ್, ಅಂದರೆ 9 ಅಡಿ. ಅಡುಗೆಮನೆ, ಬಚ್ಚಲು, ತೊಳೆಯುವ ಜಾಗ ಒಂದೇ ಸಾಲಿನಲ್ಲಿ ಇರುವುದರಿಂದ ನೀರಿನ ಪೈಪುಗಳೆಲ್ಲ ಒಂದೇ ಕಡೆ. ಖರ್ಚೂ ಕಡಿಮೆ, ಸೋರಿದರೆ ಹುಡುಕುವುದೂ ಸುಲಭ. ಬಚ್ಚಲಿನ ಗವಾಕ್ಷಿ ತೊಳೆಯುವ ಜಾಗದ ಕಡೆ ತೆರೆಯುತ್ತದೆ.

ಈಗ ಆ ಮನೆಯಲ್ಲಿ ಒಂದು ದಿನ ಬಾಳಿ ನೋಡಿ. ಐದು ಜನ ಗೆರೆಯೊಳಗೆ ಹೋಗಿ. ಒಬ್ಬರು ಅಜ್ಜಿ, ಒಬ್ಬರು ಶಾಲೆಗೆ ಹೋಗುವ ಮಗಳು. ಬೆಳಿಗ್ಗೆ ಐದೂವರೆಯಿಂದ ರಾತ್ರಿ ಹತ್ತರವರೆಗೆ ಏನೇನು ಮಾಡುತ್ತೀರೋ ಮಾಡಿ ತೋರಿಸಿ.

ಒಂದು ಸಂಘದಲ್ಲಿ ಇದನ್ನು ಮಾಡಿದಾಗ ಮೊದಲು ಎಲ್ಲರೂ ನಕ್ಕರು. "ಇಷ್ಟೇನಾ ಮನೆ? ಕೋಳಿಗೂಡು!" ಅಂದರು. ಬಚ್ಚಲಿನಲ್ಲಿ ಬಕೆಟ್ ಇಟ್ಟು, ಬಾಗಿಲು ಒಳಗೆ ತೆರೆದರೆ ಬಕೆಟ್‌ಗೆ ಬಡಿಯುತ್ತದೆ ಎಂದು ಒಬ್ಬರು ತೋರಿಸಿದರು. ಬಾಗಿಲನ್ನು ಹೊರಗೆ ತೆರೆಯುವ ಹಾಗೆ ಮಾಡಿದೆವು. "ಅತ್ತೆಗೆ ರಾತ್ರಿ ನಾಲ್ಕು ಸಲ ಏಳಬೇಕು, ಮಲಗಿದವರನ್ನು ದಾಟಿ ಹೋಗಬೇಕಾ?" ಅಂತ ಇನ್ನೊಬ್ಬರು ಕೇಳಿದರು. ಅಜ್ಜಿಯ ಚಾಪೆ ಬಚ್ಚಲಿನ ಬಾಗಿಲ ಹತ್ತಿರ ಬಂತು. ಬೀಡಿ ಕಟ್ಟುವವರು ಮೊರ ಇಟ್ಟುಕೊಂಡು ಬೆಳಕಿನ ಕಡೆ ಕೂತರು. ಒಬ್ಬ ಹುಡುಗಿ ಮೆಲ್ಲಗೆ, "ನಾನು ಬಟ್ಟೆ ಬದಲಾಯಿಸೋದು ಎಲ್ಲಿ?" ಅಂದಳು. ಎಲ್ಲರೂ ಸುಮ್ಮನಾದರು. ಸಣ್ಣ ಕೋಣೆಗೆ ಚಿಲಕ ಇರುವ ಬಾಗಿಲು ಬೇಕೇ ಬೇಕು ಎಂದು ಆಗ ತೀರ್ಮಾನವಾಯಿತು. ಯಾವ ನಕ್ಷೆಯೂ ಕೇಳದ ಪ್ರಶ್ನೆ ಅದು.

ಜಾಗ ಉಳಿಸುವ ಕೆಲವು ಉಪಾಯ

ಅಡುಗೆ ಕಟ್ಟೆ ನಮ್ಮ ಮೊಣಕೈಗಿಂತ ನಾಲ್ಕೈದು ಇಂಚು ಕೆಳಗಿರಲಿ. ಎಲ್ಲ ಮನೆಗೂ ಒಂದೇ ಎತ್ತರ ಮಾಡಿದರೆ ಗಿಡ್ಡ ಇರುವವರ ಹೆಗಲು ನೋಯುತ್ತದೆ, ಎತ್ತರದವರ ಸೊಂಟ ನೋಯುತ್ತದೆ. ಬಚ್ಚಲಿಗೆ 7 ಅಡಿ ಎತ್ತರ ಸಾಕು, ಅದರ ಮೇಲೆ ಸುಮಾರು ಒಂದೂವರೆ ಅಡಿಯ ಅಟ್ಟ ಸಿಗುತ್ತದೆ. ಹಾಸಿಗೆ, ಹಬ್ಬದ ಪಾತ್ರೆ ಅಲ್ಲಿಗೆ. ಮಂಚ ಬೇಕಾದರೆ ಕೆಳಗೆ ಪೆಟ್ಟಿಗೆ ಇರುವಂಥದ್ದು. ಮಕ್ಕಳು ಓದಲು ಗೋಡೆಗೆ ಮಡಚುವ ಹಲಗೆ. ಒಂದೇ ಅಳತೆಯ ಪೆಟ್ಟಿಗೆಗಳನ್ನು ನಾಲ್ಕಾರು ಮಾಡಿಸಿದರೆ ಜೋಡಿಸಿದಾಗ ಕಪಾಟು, ಬಿಡಿಸಿದಾಗ ಕೂರುವ ಮಣೆ. ಬಡಗಿ ಕೆಲಸ ಗೊತ್ತಿರುವವರು ಹತ್ತಿರ ಇದ್ದರೆ ಸಂಘದಿಂದಲೇ ಒಟ್ಟಿಗೆ ಮಾಡಿಸಬಹುದು.

ಇವೆಲ್ಲ ಆಮೇಲೆ ಮಾಡಿಕೊಳ್ಳಬಹುದಾದ ವಿಷಯ. ಆಮೇಲೆ ಮಾಡಲು ಬಾರದ್ದು ಬೇರೆ ಇದೆ.

ಆಮೇಲೆ ಬದಲಾಯಿಸಲು ಬಾರದ ಐದು ಸಂಗತಿಗಳು

ಒಂದು, ಜಾಗ. 2023ರಲ್ಲಿ ಬಂದ ಶಕ್ತಿ ಯೋಜನೆಯಿಂದ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಸಾಮಾನ್ಯ ಸರಕಾರಿ ಬಸ್ಸು ಉಚಿತವಾಯಿತು. ಆದರೆ ಗಂಡ, ಮಗ ಟಿಕೆಟ್ ತೆಗೆಯಬೇಕು. ಒಬ್ಬರಿಗೆ ದಿನಕ್ಕೆ 60 ರೂಪಾಯಿ ಎಂದಿಟ್ಟುಕೊಂಡರೂ 25 ದಿನಕ್ಕೆ 1,500 ರೂಪಾಯಿ. ಅದನ್ನು ಕಂತಿಗೆ ಕೂಡಿಸಿ ನೋಡಿ. ನಮ್ಮ ಸಮಯಕ್ಕಂತೂ ಯಾರೂ ರಿಯಾಯಿತಿ ಕೊಡುವುದಿಲ್ಲ.

ಎರಡು, ಬೆಳಕು ಮತ್ತು ಗಾಳಿ. ಕಿಟಕಿಗಳ ಒಟ್ಟು ಅಳತೆ ನೆಲದ ಎಷ್ಟನೇ ಒಂದು ಪಾಲು ಎಂದು ನೋಡಿ. ಕರಾವಳಿಯಂಥ ಸೆಕೆ, ತೇವದ ಕಡೆ ಆರನೇ ಒಂದು ಪಾಲು, ಒಣ ಬಿಸಿಲಿನ ಕಡೆ ಹತ್ತನೇ ಒಂದು ಪಾಲು ಬೇಕೆಂದು ಸಂಹಿತೆ ಹೇಳುತ್ತದೆ. ನಮ್ಮ 108 ಚದರ ಅಡಿಯ ಕೋಣೆಗೆ ಕರಾವಳಿಯಲ್ಲಿ 18 ಚದರ ಅಡಿ ಆಯಿತು. ಎರಡು ಎದುರು ಬದುರು ಗೋಡೆಗಳಲ್ಲಿ ಕಿಟಕಿ ಇದ್ದರೆ ಗಾಳಿ ಆಡುತ್ತದೆ. ಒಂದೇ ಕಡೆ ಇದ್ದರೆ ಒಗ್ಗರಣೆಯ ಹೊಗೆ ಅಲ್ಲೇ ಸುತ್ತುತ್ತದೆ.

ಮೂರು, ನೀರು ಮತ್ತು ಕೊಳಚೆ ಪೈಪು. ರಿಪೇರಿಗೆ ಪೈಪು ಕೈಗೆ ಸಿಗುವ ಹಾಗಿದೆಯೇ? ಟೋಕಿಯೋದ ಗೋಪುರವನ್ನು ಮರೆಯಬೇಡಿ.

ನಾಲ್ಕು, ಗೋಡೆ. ಎರಕದ ಗೋಡೆಗೆ ಯಾವ ಕಾರಣಕ್ಕೂ ದೊಡ್ಡ ತೂತು ಕೊರೆಯಬೇಡಿ, ಬಾಗಿಲು ಒಡೆಯಬೇಡಿ. ನಮ್ಮ ಗೋಡೆಯ ಮೇಲೆ ಮೇಲಿನವರ ಮನೆ ನಿಂತಿರುತ್ತದೆ. ಮೊಳೆ, ಹಲಗೆ ಹಾಕಲು ಎಲ್ಲಿ ಅವಕಾಶ ಇದೆ ಎಂದು ಬರೆದು ಕೊಡಲು ಕೇಳಿ.

ಐದು, ಸಮುದಾಯದ ಜಾಗ. ಮನೆಯೊಳಗೆ ಹಿಡಿಸದ್ದಕ್ಕೆ ಹೊರಗೆ ಜಾಗ ಬೇಕು. ಮಕ್ಕಳ ಆಟ, ಬಟ್ಟೆ ಒಣಗಿಸುವುದು, ಸಂಘದ ಸಭೆ, ಕಸುಬು. ನಾವು ಮೊದಲು ಹೇಳಿದ ಆ ಹೊಲಿಗೆಯ ಸಹೋದರಿಯ ಕಟ್ಟಡದಲ್ಲಿ ನೆಲಮಹಡಿಯ ಒಂದು ಸಮುದಾಯ ಕೋಣೆ ಬೀಗ ಹಾಕಿ ಬಿದ್ದಿತ್ತು. ಸಂಘದವರು ನಿವಾಸಿಗಳನ್ನು ಸೇರಿಸಿ ಮೂರು ಸಲ ಸಭೆ ಮಾಡಿದರು. ಈಗ ಹಗಲು ಹೊತ್ತು ಅಲ್ಲಿ ಮೂರು ಮೆಷಿನ್ ನಡೆಯುತ್ತಿವೆ, ಕರೆಂಟಿನ ಬಿಲ್ಲು ಮೂವರೂ ಹಂಚಿಕೊಳ್ಳುತ್ತಾರೆ. ಹಳೆಯ ಗಿರಾಕಿಗಳೆಲ್ಲ ವಾಪಸು ಬಂದಿಲ್ಲ. ಕಂತು ಮಾತ್ರ ತಪ್ಪುತ್ತಿಲ್ಲ.

ಸಹಿ ಹಾಕುವ ಮೊದಲು

2016ರ ರೇರಾ ಕಾಯ್ದೆ ನಮ್ಮ ಕೈಯಲ್ಲಿರುವ ಒಳ್ಳೆಯ ಆಯುಧ. 500 ಚದರ ಮೀಟರ್‌ಗಿಂತ ದೊಡ್ಡ ಜಾಗದಲ್ಲಿ, ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಕಟ್ಟಿ ಮಾರುವವರು ನೋಂದಣಿ ಮಾಡಿಸಲೇಬೇಕು. ನೋಂದಣಿ ಸಂಖ್ಯೆ ಕೇಳಿ. ಮಾರಾಟದ ಕರಾರು ನೋಂದಣಿ ಆಗುವ ಮೊದಲು ಬೆಲೆಯ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಮುಂಗಡ ಕೇಳುವ ಹಾಗಿಲ್ಲ. ಮನೆ ವಶಕ್ಕೆ ಬಂದ ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡು ತಿಳಿಸಿದರೆ, 30 ದಿನದಲ್ಲಿ ಬಿಟ್ಟಿಯಾಗಿ ಸರಿಪಡಿಸಿ ಕೊಡಬೇಕು. ಜೋಡಣೆಯ ಸಂದಿನಲ್ಲಿ ನೀರು ಜಿನುಗಿದರೆ "ಹೋಗಲಿ ಬಿಡು" ಅನ್ನಬೇಡಿ. ತಾರೀಖು ಹಾಕಿ ಬರೆದು ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ.

ಆವಾಸ್ ಯೋಜನೆಯ ಮನೆ ಮನೆಯೊಡತಿಯ ಹೆಸರಲ್ಲಿ ಅಥವಾ ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಇರಬೇಕೆಂಬ ನಿಯಮವಿದೆ. ಕಾಗದದಲ್ಲಿ ನಿಮ್ಮ ಹೆಸರು ಸರಿಯಾಗಿದೆಯೇ ಎಂದು ನೀವೇ ಓದಿ. ಲಿಫ್ಟು, ನೀರಿನ ಪಂಪು, ಓಣಿಯ ದೀಪಕ್ಕೆ ತಿಂಗಳ ಖರ್ಚು ಎಷ್ಟು ಎಂದು ಮೊದಲೇ ಕೇಳಿ. ಬಾಡಿಗೆ ಉಳಿಯಿತು ಎಂದು ಸಂತೋಷಪಡುವಾಗ ಈ ಖರ್ಚು ಮರೆತುಹೋಗುತ್ತದೆ. ಅರ್ಜಿಯ ಬಗ್ಗೆ ನಿಮ್ಮ ನಗರಸಭೆಯಲ್ಲೂ, ಕೊಳಗೇರಿಯಲ್ಲಿ ಇರುವವರು ಕೊಳಗೇರಿ ಅಭಿವೃದ್ಧಿ ಮಂಡಳಿಯ ಕಚೇರಿಯಲ್ಲೂ ವಿಚಾರಿಸಿ. ಒಬ್ಬರೇ ಹೋಗಬೇಡಿ, ಇಬ್ಬರು ಮೂವರು ಹೋಗಿ. ನಕ್ಷೆ ಇನ್ನೂ ತಯಾರಾಗುತ್ತಿದೆ ಎಂದು ಗೊತ್ತಾದರೆ ಅದೇ ಸುಸಮಯ. ನೆಲದ ಮೇಲೆ ಬರೆದು ಕಂಡುಕೊಂಡ ವಿಷಯಗಳನ್ನು ಸಂಘದ ಲೆಟರ್‌ಹೆಡ್‌ನಲ್ಲಿ ಬರೆದು ಕೊಡಿ.

ಸಂಘದಲ್ಲಿ ಚರ್ಚೆಗೆ

1. ನಮ್ಮ ಈಗಿನ ಮನೆಯಲ್ಲಿ ಅತಿ ಹೆಚ್ಚು ಹೊತ್ತು ನಾವು ಕಳೆಯುವ ಜಾಗ ಯಾವುದು? ಅಲ್ಲಿ ಬೆಳಕು ಇದೆಯೇ?
2. ಮನೆಯಲ್ಲಿ ನಡೆಯುವ ನಮ್ಮ ಕಸುಬಿಗೆ ಎಷ್ಟು ಅಡಿ ಜಾಗ ಬೇಕು? ಅಳೆದು ಬರೆಯಿರಿ.
3. ನಮಗೆ ಅರ್ಧ ಮನೆಗೆ ಮಾತ್ರ ಹಣ ಇದ್ದರೆ ಯಾವ ಅರ್ಧವನ್ನು ಮೊದಲು ಕಟ್ಟುತ್ತೇವೆ?
4. ಮನೆಸಾಲ ಕೊಡುವ ಮೊದಲು ಸಂಘದ ಇಬ್ಬರು ಸದಸ್ಯರು ಟೇಪು ಹಿಡಿದು ಮನೆ ನೋಡಿ ಬರಬೇಕು ಎಂಬ ನಿಯಮ ಮಾಡೋಣವೇ?

ನಾಲ್ಕನೆಯ ಪ್ರಶ್ನೆಗೆ ನಿಮ್ಮ ಉತ್ತರವನ್ನು ನಿರ್ಣಯ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ಅಡುಗೆಮನೆ ಮತ್ತು ಬಚ್ಚಲನ್ನು ಅಳೆದುಕೊಂಡು ಬನ್ನಿ. ಟೇಪು ಇಲ್ಲದವರು ಸೀರೆ ಅಳೆಯುವ ಹಾಗೆ ಮೊಳದಲ್ಲಿ ಅಳೆಯಿರಿ, ಕೂತು ಅಡಿಗೆ ಪರಿವರ್ತಿಸೋಣ. ನಾವೂ ನಮ್ಮ ಕೋಣೆಯನ್ನು ಅಳೆದು ತರುತ್ತೇವೆ.